ಹೇಳದೆ ಉಳಿದ ಕಾರಣ

ತಂದೆ ತೀರಿಕೊಂಡ ಮನೆಯಲ್ಲಿ ವೈಕುಂಠ ಸಮಾರಾಧನೆಯ ಊಟ ಮುಗಿದು, ಶಾಮಿಯಾನ ಬಿಚ್ಚಿ, ದೂರದ ನೆಂಟರು ಬಸ್ಸು ಹತ್ತಿದ ಮೇಲೆ ಒಂದು ಮಾತು ಹೊರಡುತ್ತದೆ. ಪೌತಿ ಖಾತೆ ಆಗಬೇಕು, ವಂಶವೃಕ್ಷ ಮಾಡಿಸಬೇಕು, ಹೆಣ್ಣುಮಕ್ಕಳೂ ಇರುವಾಗಲೇ ಒಂದು ಸಹಿ ಹಾಕಿ ಹೋದರೆ ಓಡಾಟ ತಪ್ಪುತ್ತದೆ. ಇದನ್ನು ಹೇಳುವವರು ಬಹುಮಟ್ಟಿಗೆ ಅಣ್ಣಂದಿರಲ್ಲ, ಚಿಕ್ಕಪ್ಪನೋ ಸೋದರಮಾವನೋ ಇರುತ್ತಾರೆ. ಸಹಿ ಬೇಕಾಗಿರುವುದು ಹಕ್ಕು ಖುಲಾಸೆ ಪತ್ರಕ್ಕೆ. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ದುಡ್ಡು, ಒಂದು ಸೀರೆ ಕೊಟ್ಟು ಕಳಿಸುವುದು ವಾಡಿಕೆ. ಹೆಚ್ಚಿನ ಹೆಣ್ಣುಮಕ್ಕಳು ಸಹಿ ಹಾಕುತ್ತಾರೆ. ಎಲ್ಲೋ ಒಬ್ಬಳು ಪೆನ್ನು ಕೆಳಗಿಟ್ಟು, ‘ನನಗೂ ಪಾಲು ಬೇಕು ಅಣ್ಣ’ ಅನ್ನುತ್ತಾಳೆ.

ಆಮೇಲೆ ಬರುವ ಮಾತುಗಳು ನಮ್ಮ ನಾಡಿನ ಯಾವ ಜಿಲ್ಲೆಗೆ ಹೋದರೂ ಹೆಚ್ಚುಕಡಿಮೆ ಅವೇ. ‘ನಿನ್ನ ಮದುವೆಗೆ ಎಷ್ಟು ಖರ್ಚಾಯ್ತು ಗೊತ್ತಾ?’ ‘ಇದನ್ನೆಲ್ಲ ನಿಮ್ಮ ಯಜಮಾನ್ರು ಹೇಳ್ಕೊಟ್ರಾ?’ ‘ನಮ್ಮ ವಂಶದಲ್ಲಿ ಯಾವ ಹೆಣ್ಣುಮಗಳು ಪಾಲು ಕೇಳಿದಾಳೆ?’ ‘ಅಂದ್ರೆ ನಾವೆಲ್ಲ ಕಳ್ಳರು ಅಂತಾಯ್ತು.’ ‘ಇವತ್ತು ಗದ್ದೆ ಕೇಳ್ತೀಯ, ನಾಳೆ ಈ ಮನೇನೂ ಕೇಳ್ತೀಯ.’ ಕೊನೆಗೆ, ‘ಪಾಲು ಬೇಕೋ ತವರು ಬೇಕೋ, ಎರಡರಲ್ಲಿ ಒಂದು ಹೇಳ್ಬಿಡು.’

ತರ್ಕದ ದೋಷಗಳನ್ನು ಕಲಿಸುವ ಪುಸ್ತಕಗಳು ಬೆಟ್ಟದ ಮೇಲಿನ ಹೊಗೆಯನ್ನೂ ಅದರಡಿಯ ಬೆಂಕಿಯನ್ನೂ ಉದಾಹರಣೆಗೆ ಕೊಡುತ್ತವೆ. ಹೊಗೆಯ ಬಗ್ಗೆ ಯಾರೂ ಮೂರು ದಿನ ಊಟ ಬಿಟ್ಟು ಅಳುವುದಿಲ್ಲ. ತಪ್ಪು ವಾದ ಎಂದರೇನು, ಅದು ಮನುಷ್ಯರಿಗೆ ಏನು ಮಾಡುತ್ತದೆ ಎಂದು ನೋಡಬೇಕಾದರೆ ಈ ಪಾಲಿನ ಜಗಳವನ್ನೇ ನೋಡಬೇಕು ಎಂದು ನನಗೆ ಬಹಳ ಕಾಲದಿಂದ ಅನ್ನಿಸಿದೆ. ಇಲ್ಲಿ ವಾದಿಸುವವರು ಒಂದೇ ತಟ್ಟೆಯಲ್ಲಿ ಉಂಡವರು. ಒಬ್ಬರ ಜ್ವರಕ್ಕೆ ಇನ್ನೊಬ್ಬರು ರಾತ್ರಿ ಎದ್ದು ಕೂತವರು. ಆದರೂ ಒಂದು ಮಧ್ಯಾಹ್ನದಲ್ಲಿ ಅವರ ಬಾಯಿಂದ ಇಷ್ಟೂ ಮಾತು ಬರುತ್ತದೆ.

ಕಾನೂನಿನ ಮಟ್ಟಿಗೆ ಗೊಂದಲ ಉಳಿದಿಲ್ಲ. ತಂದೆ ಉಯಿಲು ಬರೆಯದೆ ಹೋದರೆ ಅವರ ಸ್ವಯಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳಿತ್ತು. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಮಗಳಿಗೂ ಹಕ್ಕು ಎಂದು ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂತು. ಅದಕ್ಕೆ ಮೊದಲೇ ಮದುವೆಯಾದವರನ್ನು ಮಾತ್ರ ಅದು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಆ ದಿನ ತಂದೆ ಬದುಕಿರಲಿ ಇಲ್ಲದಿರಲಿ ಮಗಳ ಹಕ್ಕು ಹಕ್ಕೇ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. ಹೀಗಿದ್ದೂ ಜಗಲಿಯ ಮೇಲೆ ಈ ಯಾವ ತಾರೀಖೂ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಮೇಲಿನ ಆರು ಮಾತುಗಳು.

ಮದುವೆ ಖರ್ಚಿನ ಮಾತನ್ನು ತೆಗೆದುಕೊಳ್ಳೋಣ. ಆರರಲ್ಲಿ ಹೆಚ್ಚು ಬಲವುಳ್ಳದ್ದು ಅದೇ, ಕೇಳಿದವರು ತಲೆಯಾಡಿಸುವುದೂ ಅದಕ್ಕೇ. ‘ಇವಳ ಮದುವೆಗೆ ಮನೆಯ ದುಡ್ಡು ಖರ್ಚಾಗಿದೆ, ಆದ್ದರಿಂದ ಇವಳಿಗೆ ಪಾಲಿಲ್ಲ.’ ಗೌತಮನ ನ್ಯಾಯಸೂತ್ರಗಳು ಐದು ಬಗೆಯ ಹೇತ್ವಾಭಾಸಗಳನ್ನು ಹೇಳುತ್ತವೆ. ಕಾರಣದಂತೆ ಕಾಣುವ, ಆದರೆ ಕಾರಣವಲ್ಲದ ಮಾತುಗಳು ಇವು. ಅವುಗಳಲ್ಲಿ ಮೊದಲನೆಯದು ಸವ್ಯಭಿಚಾರ. ಕೊಟ್ಟ ಕಾರಣ ಒಂದು ಕಡೆ ನಿಲ್ಲದೆ ಬೇರೆ ಕಡೆಗೂ ಹೋಗಿ ಕೂರುವುದು ಅದರ ಲಕ್ಷಣ. ಅಣ್ಣನ ಮದುವೆಗೂ ಮನೆಯ ದುಡ್ಡು ಖರ್ಚಾಗಿದೆ. ಅವನ ಇಂಜಿನಿಯರಿಂಗ್ ಸೀಟಿಗೆ ತೋಟ ಅಡವಿಟ್ಟದ್ದೂ ಇರಬಹುದು. ಖರ್ಚಾದದ್ದೇ ಪಾಲು ತಪ್ಪಲು ಕಾರಣವಾದರೆ ಅವನ ಪಾಲೂ ತಪ್ಪಬೇಕು. ಅದು ತಪ್ಪುವುದಿಲ್ಲ, ತಪ್ಪಬೇಕೆಂದು ಯಾರಿಗೂ ಅನ್ನಿಸುವುದೂ ಇಲ್ಲ. ಅಲ್ಲಿಗೆ ಕೊಟ್ಟ ಕಾರಣ ಕಾರಣವಾಗಿರಲಿಲ್ಲ ಎಂದಾಯಿತು. ನಿಜವಾದ ಕಾರಣ ಬೇರೆಲ್ಲೋ ಇದೆ.

‘ಹೆಣ್ಣುಮಗಳು ಕೊಟ್ಟ ಮನೆಗೆ ಸೇರಿದವಳು, ಹೊರಗಿನವಳು’ ಎನ್ನುವುದು ಈ ಆರರ ಜೊತೆಗೆ ಕೇಳಿಬರುವ ಇನ್ನೊಂದು ಮಾತು. ಯಾಕೆ ಹೊರಗಿನವಳು ಎಂದರೆ ಈ ಮನೆಯ ಆಸ್ತಿಯಲ್ಲಿ ಅವಳಿಗೆ ಭಾಗವಿಲ್ಲ. ಯಾಕೆ ಭಾಗವಿಲ್ಲ ಎಂದರೆ ಹೊರಗಿನವಳು. ಸಾಧಿಸಬೇಕಾದದ್ದನ್ನೇ ಸಾಧನವಾಗಿ ಮುಂದಿಡುವ ಇದನ್ನು ನೈಯಾಯಿಕರು ಸಾಧ್ಯಸಮ ಎಂದರು. ‘ಮೇಲಿನ ಬೀದಿಯವರ ಮನೆ ಮಗಳು ಪಾಲು ತಗೊಂಡಳು, ಎರಡು ವರ್ಷಕ್ಕೆ ಮನೆ ಹಾಳಾಯ್ತು’ ಎಂಬುದು ಬರಿಯ ಕಾಕತಾಳೀಯ. ಮನೆ ಹಾಳಾದದ್ದು ಪಾಲಿನಿಂದಲೋ, ಕೊರೆಸಿದ ಕೊಳವೆಬಾವಿಗಳಲ್ಲಿ ನೀರು ಬಾರದೆ ಸಾಲ ಏರಿದ್ದರಿಂದಲೋ ಯಾರೂ ನೋಡುವುದಿಲ್ಲ.

ವಂಶದ ರೂಢಿಯ ಮಾತಿನ ಬಳಿ ಸ್ವಲ್ಪ ನಿಲ್ಲಬೇಕು. ಹಿಂದಿನಿಂದ ಬಂದದ್ದು ಎನ್ನುವವರು ಯಾವ ಹಿಂದಿನದನ್ನು ಹೇಳುತ್ತಿದ್ದಾರೆ? ದಕ್ಷಿಣ ಕನ್ನಡ, ಉಡುಪಿಯ ಕಡೆ ಹಲವು ಸಮುದಾಯಗಳಲ್ಲಿ ಅಳಿಯಸಂತಾನದ ಕಟ್ಟು ನಡೆದು ಬಂದಿತ್ತು. ಅಲ್ಲಿ ಮನೆತನ ಮುಂದುವರಿಯುತ್ತಿದ್ದದ್ದೇ ಹೆಣ್ಣಿನಿಂದ. ಹಳೆಯ ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳಿಗೆಂದು ಒಂದು ಕಾಯ್ದೆ ಮಾಡಿ, ಮನೆ ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಮಗಳಿಗೆ ಭಾಗ ಕೊಡಿಸಲು ಹೊರಟಿತ್ತು. ನಮಗೆ ನೆನಪಿರುವ ಎರಡು ತಲೆಮಾರಿನ ಅಭ್ಯಾಸಕ್ಕೆ ಅನಾದಿ ಎಂಬ ಹೆಸರು ಕೊಟ್ಟು, ಅದನ್ನು ಪ್ರಶ್ನಿಸಿದವಳನ್ನು ವಂಶದ್ರೋಹಿ ಮಾಡುವುದು ನ್ಯಾಯವಲ್ಲ. ಒಂದು ಪದ್ಧತಿ ನಿಜಕ್ಕೂ ಸಾವಿರ ವರ್ಷದ್ದೇ ಆಗಿದ್ದರೂ ಅದರ ವಯಸ್ಸು ಅದು ಸರಿಯೆಂಬುದಕ್ಕೆ ಸಾಕ್ಷಿಯಾಗದು. ಬಾಲ್ಯವಿವಾಹಕ್ಕೂ ವಯಸ್ಸಾಗಿತ್ತು.

ಇನ್ನು ‘ನಾವೆಲ್ಲ ಕಳ್ಳರು ಅಂತಾಯ್ತು’ ಎಂಬ ಮಾತು. ತಂಗಿ ಹೇಳಿದ್ದು, ನನಗೂ ಪಾಲು ಬೇಕು ಎಂದು. ಅಣ್ಣ ಉತ್ತರ ಕೊಟ್ಟದ್ದು ಅವಳು ಹೇಳದ ಮಾತಿಗೆ. ಹೀಗೆ ಎದುರಿನವರ ಮಾತಿಗೆ ಇಲ್ಲದ ಅರ್ಥ ಹೊರಿಸಿ ಅದನ್ನು ಖಂಡಿಸುವುದನ್ನು ನ್ಯಾಯಶಾಸ್ತ್ರ ಛಲ ಎಂದು ಕರೆದು, ಅದರಲ್ಲಿ ಮೂರು ಬಗೆ ಎಣಿಸಿದೆ. ಹುಡುಗನೊಬ್ಬ ನವಕಂಬಳ ಹೊದ್ದಿದ್ದಾನೆ, ಅಂದರೆ ಹೊಸ ಕಂಬಳಿ ಹೊದ್ದಿದ್ದಾನೆ ಎಂದರೆ, ‘ಒಂಬತ್ತೆಲ್ಲಿ? ಇರುವುದು ಒಂದೇ’ ಎಂದು ಎದುರು ಹೇಳುವುದು ಅದರ ಹಳೆಯ ಉದಾಹರಣೆ. ಶಾಲೆಯಲ್ಲಿ ಕೇಳಿದರೆ ನಗು ಬರುತ್ತದೆ. ಮನೆಯಲ್ಲಿ ನಡೆದಾಗ ನಗು ಬರುವುದಿಲ್ಲ. ‘ಕಳ್ಳರು ಅಂದೆ’ ಎಂಬ ಮಾತು ಸಂಜೆಯೊಳಗೆ ಊರಿಗೆ ಹೋಗಿರುತ್ತದೆ, ವರ್ಷಗಳ ಮೇಲೆ ಮದುವೆ ಮನೆಯೊಂದರಲ್ಲಿ ‘ನೀನು ಅವತ್ತು ಕಳ್ಳರು ಅಂದವಳು’ ಎಂದು ಹಿಂದಿರುಗಿ ಬರುತ್ತದೆ. ಅವಳು ಅಂದಿರಲೇ ಇಲ್ಲ ಎಂಬುದು ಅಷ್ಟು ಹೊತ್ತಿಗೆ ಅವಳಿಗೂ ಗಟ್ಟಿಯಾಗಿ ಹೇಳಲಾಗದಷ್ಟು ಮಸುಕಾಗಿರುತ್ತದೆ.

ಯಜಮಾನರು ಹೇಳಿಕೊಟ್ಟರಾ ಎಂಬ ಪ್ರಶ್ನೆ ನನ್ನನ್ನು ಹೆಚ್ಚು ನೋಯಿಸುತ್ತದೆ. ಮಾತು ಸರಿಯೋ ತಪ್ಪೋ ಎಂಬುದನ್ನು ಬಿಟ್ಟು ಮಾತು ಯಾರದು ಎಂಬುದನ್ನು ಹಿಡಿಯುವುದು ಇಲ್ಲಿನ ದೋಷ. ಗಂಡನೇ ಹೇಳಿಕೊಟ್ಟಿದ್ದರೂ ಹಕ್ಕು ಹಕ್ಕೇ. ಅದಕ್ಕಿಂತ ಆಳದ ಅನ್ಯಾಯವೂ ಅದರಲ್ಲಿದೆ. ಈ ಪ್ರಶ್ನೆ ಕೇಳಿದವನ ಮನಸ್ಸಿನಲ್ಲಿ ತಂಗಿಗೆ ಸ್ವಂತದ್ದೊಂದು ಆಲೋಚನೆ ಇರಲು ಸಾಧ್ಯವೇ ಇಲ್ಲ. ಗಂಡ ಇಲ್ಲದಿದ್ದರೆ ಮಗ, ಮಗನಿಲ್ಲದಿದ್ದರೆ ವಕೀಲ ಹೇಳಿಕೊಟ್ಟಿರಬೇಕು. ಅವಳ ವಾದವನ್ನು ಖಂಡಿಸುವುದರ ಬದಲು, ವಾದ ಮಾಡಬಲ್ಲವಳು ಅವಳು ಎಂಬುದನ್ನೇ ಇಲ್ಲವಾಗಿಸುತ್ತಾರೆ.

ಇಷ್ಟಾದ ಮೇಲೆ ತಂಗಿಯ ಬಾಯಿಂದ ಬರುವುದೆಲ್ಲ ಶುದ್ಧವಾದ ತರ್ಕ ಎಂದುಕೊಂಡರೆ ಅದೂ ಸುಳ್ಳಾಗುತ್ತದೆ. ‘ಅತ್ತಿಗೆ ಬಂದಮೇಲೇ ನೀನು ಹೀಗಾದದ್ದು’ ಎಂದು ಅವಳೂ ಅನ್ನುತ್ತಾಳೆ. ಅತ್ತಿಗೆ ಬಂದದ್ದು ಮೊದಲು, ಅಣ್ಣ ಬದಲಾದದ್ದು ಆಮೇಲೆ, ಆದ್ದರಿಂದ ಅದರಿಂದಲೇ ಇದು. ಮೇಲಿನ ಬೀದಿಯ ಮನೆ ಹಾಳಾದ ಕಥೆಗೂ ಇದಕ್ಕೂ ಭೇದವಿಲ್ಲ. ‘ಗಂಡುಮಕ್ಕಳೆಲ್ಲ ಇಷ್ಟೇ’ ಎಂದೂ ಅನ್ನುತ್ತಾಳೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು, ಏಕೆಂದರೆ ಎಲ್ಲ ಅಗುಳಿಗೂ ಒಂದೇ ನೀರು, ಒಂದೇ ಉರಿ. ಮನುಷ್ಯರಿಗೆ ಹಾಗಿಲ್ಲ. ಒಬ್ಬ ಅಣ್ಣನನ್ನು ಹಿಸುಕಿ ನೋಡಿ ಲೋಕದ ಅಣ್ಣಂದಿರ ಬಗ್ಗೆ ತೀರ್ಪು ಕೊಡಲಾಗದು.

ಅಷ್ಟರಲ್ಲಿ ಅಣ್ಣನಿಗೆ ಒಂದು ಉತ್ತರ ಸಿಗುತ್ತದೆ, ಅದು ಸಿಕ್ಕಾಗ ಅವನ ಮುಖದಲ್ಲಿ ಗೆದ್ದ ಕಳೆ ಬರುತ್ತದೆ. ‘ನೀನು ನಿನ್ನ ನಾದಿನಿಗೆ ಪಾಲು ಕೊಡಿಸಿದೀಯಾ?’ ತಂಗಿ ಸುಮ್ಮನಾಗುತ್ತಾಳೆ. ಅವಳ ಗಂಡನ ಮನೆಯಲ್ಲೂ ನಾದಿನಿ ಸಹಿ ಹಾಕಿಯೇ ಹೋಗಿದ್ದಾಳೆ. ನೆರೆದವರು ಸರಿಯಾದ ಪ್ರಶ್ನೆ ಎಂದುಕೊಳ್ಳುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ.

ನ್ಯಾಯಸೂತ್ರಗಳ ಕೊನೆಯ ಅಧ್ಯಾಯದಲ್ಲಿ ನಿಗ್ರಹಸ್ಥಾನಗಳ ಪಟ್ಟಿಯಿದೆ. ಚರ್ಚೆಯಲ್ಲಿ ಒಬ್ಬ ಯಾವ ಯಾವ ಕಾರಣಕ್ಕೆ ಸೋತನೆಂದು ಘೋಷಿಸಬಹುದು ಎಂಬುದರ ಪಟ್ಟಿ, ಒಟ್ಟು 22. ಕೆಲಸವಿದೆ ಎಂಬ ನೆಪ ಹೇಳಿ ಎದ್ದು ಹೋಗುವುದೂ ಅದರಲ್ಲಿ ಒಂದು, ಅದಕ್ಕೆ ವಿಕ್ಷೇಪ ಎಂದು ಹೆಸರು. ಅದೇ ಪಟ್ಟಿಯಲ್ಲಿ ಮತಾನುಜ್ಞೆ ಎಂಬ ಇನ್ನೊಂದಿದೆ. ತನ್ನ ಪಕ್ಷದ ಮೇಲೆ ಬಂದ ದೋಷವನ್ನು ನಿವಾರಿಸದೆ, ಅದೇ ದೋಷ ನಿನ್ನಲ್ಲೂ ಇದೆ ಎಂದು ಎದುರಿನವರಿಗೆ ತೋರಿಸುವುದು ಮತಾನುಜ್ಞೆ. ಹಾಗೆ ತೋರಿಸಿದವನು ಗೆದ್ದನೆಂದು ಶಾಸ್ತ್ರ ಹೇಳುವುದಿಲ್ಲ. ಅವನು ಸೋತ, ಏಕೆಂದರೆ ದೋಷ ತನ್ನಲ್ಲಿದೆ ಎಂದು ಅವನು ಒಪ್ಪಿದ ಹಾಗಾಯಿತು. ನಾದಿನಿಗೆ ಕೊಡಿಸಿದೀಯಾ ಎಂದು ಅಣ್ಣ ಕೇಳಿದ ಕ್ಷಣದಲ್ಲಿ ಅವನು ಹೇಳಿದ್ದು ಇಷ್ಟು: ಹೆಣ್ಣುಮಕ್ಕಳಿಗೆ ಪಾಲು ತಪ್ಪಿಸುವುದು ತಪ್ಪು, ನೀವೂ ಆ ತಪ್ಪು ಮಾಡಿದ್ದೀರಿ. ತಂಗಿ ಕೇಳುತ್ತಿದ್ದದ್ದೂ ಇಷ್ಟನ್ನೇ ತಾನೆ? ಅವನು ಒಪ್ಪಿಬಿಟ್ಟಿದ್ದಾನೆ. ಅಲ್ಲಿ ಕೂತವರು ಯಾರೂ ಅದನ್ನು ಕೇಳಿಸಿಕೊಳ್ಳಲಿಲ್ಲ.

ಅಷ್ಟು ಹಿಂದಿನವರು ಇದನ್ನು ಇಷ್ಟು ನಿಖರವಾಗಿ ಹಿಡಿದಿದ್ದರೂ ಇಂದು ನಮ್ಮ ನಡುವೆ ಗೆಲುವಿನ ಮಾತೆಂದು ಮೆರೆಯುತ್ತಿರುವುದು ಇದೇ. ನಿಮ್ಮ ಸರ್ಕಾರ ಇದ್ದಾಗ ಏನಾಯಿತು ಎಂದು ಒಬ್ಬರು, ನಿಮ್ಮ ಕಾಲದಲ್ಲಿ ಎಷ್ಟು ನುಂಗಿದಿರಿ ಎಂದು ಇನ್ನೊಬ್ಬರು. ಟೀವಿಯ ಮುಂದೆ ಕೂತವರು ಯಾರು ಹೆಚ್ಚು ಜೋರಾಗಿ ಕೇಳಿದರು ಎಂದು ನೋಡುತ್ತಾರೆ. ಇಬ್ಬರೂ ತಪ್ಪೊಪ್ಪಿಕೊಂಡು ಇಬ್ಬರೂ ಪಾರಾಗುತ್ತಾರೆ, ಕುಡಿಯುವ ನೀರಿನ ಪ್ರಶ್ನೆ ಎತ್ತಿದ್ದ ಊರಿನವರಿಗೆ ಉತ್ತರ ಮಾತ್ರ ಬರುವುದಿಲ್ಲ. ಆಮೇಲೆ ಸಂಕಟಪಡುವವರು ವಾದಿಸಿದವರಲ್ಲ.

ನಾದಿನಿಯ ಪ್ರಶ್ನೆಗೆ ತಂಗಿ ಒಂದು ಉತ್ತರ ಕೊಡಬಲ್ಲಳು. ‘ಕೊಡಿಸಿಲ್ಲ ಅಣ್ಣ. ಅದೂ ತಪ್ಪೇ. ಅದರ ಬಗ್ಗೆ ಅವರ ಹತ್ರ ಮಾತಾಡ್ತೀನಿ. ಈಗ ಇದರ ಬಗ್ಗೆ ಹೇಳು.’ ಇದಕ್ಕೆ ತರ್ಕಶಾಸ್ತ್ರದ ಓದು ಬೇಡ, ಎದೆಗಾರಿಕೆ ಬೇಕು. ತನ್ನ ಕಡೆಯ ತಪ್ಪನ್ನು ಇಷ್ಟು ನೇರವಾಗಿ ಒಪ್ಪಿದವಳ ಮುಂದೆ ಆ ಪ್ರಶ್ನೆಗೆ ಹಿಡಿಯಲು ಏನೂ ಉಳಿಯುವುದಿಲ್ಲ.

ಹಾಗಾದರೆ ಅಣ್ಣನ ಬಳಿ ಕಾರಣವೇ ಇರಲಿಲ್ಲವೇ? ಇತ್ತು. ಎಷ್ಟೋ ಮನೆಗಳಲ್ಲಿ ಇರುತ್ತದೆ. ಪಾರ್ಶ್ವವಾಯು ಬಡಿದು ಮಲಗಿದ ತಂದೆಯನ್ನು ವರ್ಷಗಟ್ಟಲೆ ಎತ್ತಿ ಕೂರಿಸಿ ಸ್ನಾನ ಮಾಡಿಸಿದವನು ಅವನು. ಅವನ ಹೆಂಡತಿ ಹಾಸಿಗೆ ಒಗೆದವಳು. ಕೃಷಿ ಪತ್ತಿನ ಸಹಕಾರ ಸಂಘದ ಸಾಲ ಅವನ ಹೆಸರಿನಲ್ಲಿದೆ, ನೋಟಿಸು ಬಂದಾಗ ತಲೆ ತಗ್ಗಿಸಿದ್ದು ಅವನು. ಇರುವುದು ಎರಡೆಕರೆ, ಅದನ್ನು ಮೂರು ಪಾಲು ಮಾಡಿದರೆ ಯಾವ ಪಾಲಿನಿಂದಲೂ ಒಂದು ಸಂಸಾರ ನಡೆಯದು. ಓದಿ ಪಟ್ಟಣ ಸೇರಲು ಅವನಿಗೆ ಅವಕಾಶವಿದ್ದಾಗ ತಂದೆ ಬೇಡವೆಂದರು, ಅವನು ಉಳಿದ. ಇವೆಲ್ಲ ತೂಕವುಳ್ಳ ಮಾತುಗಳು. ಪಾಲು ಕೊಡಬಾರದು ಎಂಬುದನ್ನು ಇವು ಸಾಧಿಸಲಾರವು, ಆದರೆ ಹೇಗೆ ಕೊಡಬೇಕು, ಸಾಲವನ್ನು ಹೇಗೆ ಹಂಚಿಕೊಳ್ಳಬೇಕು, ಮಾಡಿದ ಸೇವೆಗೆ ಏನು ಲೆಕ್ಕ ಎಂಬುದನ್ನು ಎಲ್ಲರೂ ಕೂತು ಯೋಚಿಸುವಂತೆ ಮಾಡಬಲ್ಲವು. ಅವನು ಇವುಗಳಲ್ಲಿ ಒಂದನ್ನೂ ಹೇಳಲಿಲ್ಲ. ‘ನನಗೆ ಭಯವಾಗಿದೆ’ ಎಂದು ತಂಗಿಯ ಮುಂದೆ ಹೇಳುವುದು ನಮ್ಮ ಗಂಡಸರಿಗೆ ಕಷ್ಟ. ತಂದೆಯ ಸೇವೆಯನ್ನು ಲೆಕ್ಕಕ್ಕೆ ತಂದರೆ ಅದರ ಪುಣ್ಯ ಹೋಗುತ್ತದೆ ಎಂಬ ಅಳುಕೂ ಇರಬಹುದು. ಆದ್ದರಿಂದ ಕೈಗೆ ಸಿಕ್ಕ ಹಳೆಯ ಮಾತುಗಳನ್ನು ಎತ್ತಿ ಆಡಿದ.

ತಂಗಿಯ ಬಳಿಯೂ ಹೇಳದ ಕಾರಣವಿತ್ತು. ಎಷ್ಟೋ ಸಲ ಅವಳಿಗೆ ಬೇಕಾಗಿರುವುದು ಗುಂಟೆಗಳ ಲೆಕ್ಕವೇ ಅಲ್ಲ. ವಂಶವೃಕ್ಷದಲ್ಲಿ ತನ್ನ ಹೆಸರು ಬರೆಯುವಾಗ ಯಾರೂ ತನ್ನನ್ನು ಒಂದು ಮಾತು ಕೇಳಲಿಲ್ಲ, ಸಹಿಯ ಜಾಗ ತೋರಿಸಿದರು ಅಷ್ಟೆ. ಆ ಮನೆಯ ಕೊಟ್ಟಿಗೆ ಬಳಿದು ನೀರು ಹೊತ್ತ ಹದಿನೆಂಟು ಇಪ್ಪತ್ತು ವರ್ಷಗಳಿಗೆ ಏನೂ ಹೆಸರಿಲ್ಲ. ಗಂಡನ ಮನೆಯಲ್ಲಿ ಜಗಳವಾದ ರಾತ್ರಿ ಹೋಗಲು ತನ್ನದೆನ್ನುವ ಒಂದು ಜಾಗವಿದೆ ಎಂಬ ಧೈರ್ಯ ಬೇಕಿತ್ತು. ಇದನ್ನು ಬಾಯಿಬಿಟ್ಟರೆ ಗಂಡನ ಮನೆಯ ಮಾನ ಹೋಗುತ್ತದೆ. ಆದ್ದರಿಂದ ಅತ್ತಿಗೆಯ ಮೇಲೆ ಹೋದಳು.

ತಪ್ಪು ವಾದ ಮಾಡುವವರಿಗೆ ಬುದ್ಧಿ ಸಾಲದು ಎಂಬ ನಂಬಿಕೆಯನ್ನು ನಾನು ಒಪ್ಪಲಾರೆ. ಲೆಕ್ಕದಲ್ಲಿ, ವ್ಯಾಪಾರದಲ್ಲಿ ಯಾರಿಂದಲೂ ಮೋಸಹೋಗದವರು ಮನೆಯ ಜಗಳದಲ್ಲಿ ಈ ಮಾತುಗಳನ್ನಾಡುತ್ತಾರೆ. ಹೇಳಲಾಗದ ಕಾರಣ ಒಳಗಿರುವಾಗ ಹೇಳಬಹುದಾದ ಕಾರಣವೊಂದು ಬೇಕಾಗುತ್ತದೆ, ಹೇತ್ವಾಭಾಸಗಳು ಬಹುಪಾಲು ಹುಟ್ಟುವುದು ಆ ಕೊರತೆಯಿಂದ. ಅವು ಎದುರಿನವರಿಗೆ ಮೋಸ ಮಾಡುವುದಕ್ಕಿಂತ ಹೆಚ್ಚಾಗಿ ಆಡಿದವರಿಗೇ ಮೋಸ ಮಾಡುತ್ತವೆ. ಮದುವೆ ಖರ್ಚಿನ ಮಾತನ್ನು ತಂಗಿ ಒಂದೇ ಪ್ರಶ್ನೆಯಿಂದ ಮುರಿಯುತ್ತಾಳೆ, ಅದರ ಜೊತೆಗೆ ತಂದೆಯನ್ನು ನೋಡಿಕೊಂಡವನ ನಿಜವಾದ ದಣಿವೂ ಯಾರಿಗೂ ಕಾಣದೆ ಹೋಗುತ್ತದೆ.

ಆದ್ದರಿಂದ ದೋಷಗಳ ಹೆಸರು ಕಲಿತವರ ಮೇಲೆ ಒಂದು ಹೊಣೆ ಬೀಳುತ್ತದೆ. ಕಾಲೇಜಿಗೆ ಹೋಗುವ ಮೊಮ್ಮಗ ಈ ಪಟ್ಟಿಯನ್ನು ಎಲ್ಲೋ ಓದಿ ಬಂದು, ಅಜ್ಜಿ ಬಾಯಿ ತೆರೆದಾಗಲೆಲ್ಲ ‘ಇದು ತಾರ್ಕಿಕ ದೋಷ’ ಎಂದು ಬೆರಳು ತೋರಿಸುವುದನ್ನು ಕಂಡಿದ್ದೇನೆ. ಅಜ್ಜಿಯ ಕಾರಣ ತಪ್ಪಾಗಿದ್ದ ಮಾತ್ರಕ್ಕೆ ಅಜ್ಜಿಯ ಮಾತೇ ತಪ್ಪು ಎಂದಾಗುವುದಿಲ್ಲ. ರಾತ್ರಿ ಉಗುರು ಕತ್ತರಿಸಬೇಡ, ಲಕ್ಷ್ಮಿ ಹೋಗುತ್ತಾಳೆ ಎಂಬ ಮಾತಿನ ಕಾರಣ ನಿಲ್ಲದು. ಕರೆಂಟಿಲ್ಲದ ಕಾಲದಲ್ಲಿ ಬುಡ್ಡಿದೀಪದ ಬೆಳಕಿನಲ್ಲಿ ಉಗುರು ಕತ್ತರಿಸಬಾರದು ಎಂಬ ಎಚ್ಚರಿಕೆ ನಿಲ್ಲುತ್ತದೆ.

ತಪ್ಪು ಕಾರಣದ ಹಿಂದಿರುವ ಮಾತನ್ನು ಕೇಳಿಸಿಕೊಳ್ಳಲು ನಿಗ್ರಹಸ್ಥಾನಗಳಲ್ಲೇ ಒಂದು ದಾರಿಯೂ ಇದೆ. ಎದುರಿನವರು ಮೂರು ಸಲ ಹೇಳಿ, ಸಭೆಗೂ ಅರ್ಥವಾದ ಮಾತನ್ನು ತಿರುಗಿ ಹೇಳಲಾರದವನು ಸೋತ. ಇದನ್ನು ಅನನುಭಾಷಣ ಎನ್ನುತ್ತಾರೆ. ಖಂಡಿಸುವ ಮೊದಲು ನೀನು ಏನನ್ನು ಖಂಡಿಸುತ್ತಿದ್ದೀಯೋ ಅದನ್ನು ನಿನ್ನ ಬಾಯಿಂದ ಹೇಳಬೇಕು. ಈ ಶಿಸ್ತು ನಮ್ಮ ನೆಲದಲ್ಲಿ ಆಳವಾಗಿ ಬೇರೂರಿತ್ತು. ಹಿಂದೂ ಕುಟುಂಬಗಳ ಆಸ್ತಿಯ ನಿಯಮಗಳಿಗೆ ಇಂದಿಗೂ ತಳಹದಿಯಾಗಿರುವ ಮಿತಾಕ್ಷರಾ ಹುಟ್ಟಿದ್ದು ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ. ಅದನ್ನು ಬರೆದ ವಿಜ್ಞಾನೇಶ್ವರ, ಒಡೆತನ ಹುಟ್ಟಿನಿಂದಲೇ ಬರುತ್ತದೆಯೇ ಅಥವಾ ಪಾಲಾದ ಮೇಲೆಯೇ ಎಂಬ ಪ್ರಶ್ನೆಯನ್ನು ಎತ್ತಿ, ತಾನು ಒಪ್ಪದ ಪಕ್ಷದ ಕಾರಣಗಳನ್ನು ಮೊದಲು ವಿವರವಾಗಿ ಮುಂದಿಟ್ಟು ಆಮೇಲೆ ತನ್ನ ಉತ್ತರ ಕೊಡುತ್ತಾನೆ. ಅವನು ಗಂಡುಮಕ್ಕಳಿಗೆ ಕೊಟ್ಟ ಹುಟ್ಟಿನ ಹಕ್ಕನ್ನೇ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ಪಾಲಿನ ಕಾನೂನೇ ಹೀಗೆ ಪೂರ್ವಪಕ್ಷಕ್ಕೆ ಕಿವಿಗೊಟ್ಟು ಬರೆದದ್ದು. ಪಾಲಿನ ಜಗಳಕ್ಕೆ ಅಷ್ಟು ತಾಳ್ಮೆ ಬೇಡವೇ?

ಜಗಲಿಯ ಮೇಲೆ ಕೂತ ಹಿರಿಯರಲ್ಲಿ ಯಾರಾದರೂ ಒಬ್ಬರು ಈ ಕೆಲಸಕ್ಕೆ ಇಳಿಯಬಹುದು. ‘ಅವಳು ಏನಂದಳು, ನೀನು ಒಂದು ಸಲ ಹೇಳಪ್ಪ. ಅವಳು ಹೌದು ಅನ್ನೋ ಹಾಗೆ ಹೇಳು.’ ಆಮೇಲೆ, ‘ನಿಮ್ಮಣ್ಣ ಏನು ಹೇಳ್ತಿದಾನೆ, ನೀನು ಹೇಳಮ್ಮ.’ ಹೀಗೆ ಮಾಡಿದರೆ ಆಸ್ತಿ ಬೇಗ ಪಾಲಾಗುತ್ತದೆ ಎಂದು ನಾನು ಹೇಳಲಾರೆ. ‘ನಾವು ಕಳ್ಳರು ಅಂದಳು’ ಎಂದು ಅಣ್ಣ ಹೇಳಿದರೆ ತಂಗಿ ಇಲ್ಲ ಎನ್ನುತ್ತಾಳೆ, ಅವನು ಇನ್ನೊಮ್ಮೆ ಹೇಳಬೇಕಾಗುತ್ತದೆ. ಎರಡನೆಯ ಸಲ, ಮೂರನೆಯ ಸಲ ಹುಡುಕುವಾಗ ಅವಳ ಮಾತು ಅವನ ಬಾಯಲ್ಲಿ ಸ್ವಲ್ಪ ಹೊತ್ತು ಇರಬೇಕಾಗುತ್ತದೆ. ಸಾಲದ ಮಾತು, ತಂದೆಯ ಸೇವೆಯ ಮಾತು ಹೊರಬರುವುದಿದ್ದರೆ ಆ ಹೊತ್ತಿನಲ್ಲಿ ಬರುತ್ತದೆ.

ಬಾರದೆಯೂ ಇರಬಹುದು. ಎದುರಿನವರು ಒಳ್ಳೆಯ ಕಾರಣ ಒಳಗಿಟ್ಟುಕೊಂಡೇ ಕೆಟ್ಟ ಮಾತಾಡುತ್ತಾರೆ ಎಂದು ಎಲ್ಲ ಕಡೆಯೂ ಹೇಳಲಾಗದು. ಪಾಲು ಕೊಡಬಾರದೆಂದು ಮೊದಲೇ ಗಟ್ಟಿಮಾಡಿಕೊಂಡು, ತಂಗಿಯನ್ನು ದಣಿಸಲೆಂದೇ ಮಾತಾಡುವವರಿದ್ದಾರೆ. ಗೌತಮನಿಗೂ ಇದು ತಿಳಿದಿತ್ತು. ಸತ್ಯ ತಿಳಿಯುವ ವಾದವನ್ನು ಗುರು, ಶಿಷ್ಯ, ಜೊತೆ ಓದುವವರು, ಶ್ರೇಯಸ್ಸು ಬಯಸುವವರು, ಅಸೂಯೆಯಿಲ್ಲದವರು ಇಂಥವರೊಡನೆ ಮಾಡಬೇಕೆಂದು ಅವನು ವಿಧಿಸಿದ. ಗೆಲ್ಲಲೆಂದೇ ಮಾಡುವ ಜಲ್ಪವನ್ನೂ, ತನ್ನದೊಂದು ಪಕ್ಷವಿಲ್ಲದೆ ಬರಿದೆ ಮುರಿಯುವ ವಿತಂಡವನ್ನೂ ಬೇರೆ ಇಟ್ಟ. ಅವುಗಳನ್ನು ಪೂರ್ತಿ ತಳ್ಳಿಹಾಕಲಿಲ್ಲ. ಎಳೆಯ ಮೊಳಕೆಯನ್ನು ಕಾಯಲು ಮುಳ್ಳಿನ ಬೇಲಿ ಹಾಕುವಂತೆ, ಸತ್ಯವನ್ನು ಉಳಿಸಿಕೊಳ್ಳಲು ಅವನ್ನೂ ಬಳಸಬಹುದೆಂದ. ನಮ್ಮ ಮನೆಗಳಲ್ಲೂ ಸಭೆಗಳಲ್ಲೂ ಈಗ ಆಗಿರುವುದು ಬೇಲಿಯೇ ಎದ್ದು ಹೊಲ ಮೇಯುವ ಸ್ಥಿತಿ. ಕಾಯಬೇಕಾದ ಮೊಳಕೆ ಯಾವುದೆಂಬುದೇ ಮರೆತು, ಮುಳ್ಳುಗಳೇ ಮಾತಾಡುತ್ತಿವೆ.

ಆದರೂ ಗೌತಮ ಕೊಟ್ಟ ಅನುಮತಿ ನನಗೆ ಮುಖ್ಯವಾಗಿ ಕಾಣುತ್ತದೆ. ಮಾತು ಕೇಳಲೇ ಒಪ್ಪದವರ ಮುಂದೆ ಹೆಣ್ಣುಮಗಳೊಬ್ಬಳು ಕೊನೆಯವರೆಗೂ ಶಾಂತವಾಗಿ, ಮೃದುವಾಗಿ ವಾದಿಸುತ್ತಲೇ ಇರಬೇಕೆಂದು ಹೇಳುವುದು ಅವಳನ್ನು ಬರಿಗೈಯಲ್ಲಿ ಕಳಿಸುವ ಇನ್ನೊಂದು ವಿಧಾನ. ಮೂರು ಸಲ ಹೇಳಿದಳು, ಸಭೆಗೆ ಅರ್ಥವಾಯಿತು, ತಿರುಗಿ ಹೇಳಲು ಅವರು ಒಪ್ಪಲಿಲ್ಲ. ಅಲ್ಲಿಗೆ ಅವಳ ಕಡೆಯ ವಾದ ಮುಗಿದಿದೆ. ಖುಲಾಸೆ ಪತ್ರಕ್ಕೆ ಸಹಿ ಹಾಕದೆ ಎದ್ದು, ತಾಲ್ಲೂಕಿನ ಸಿವಿಲ್ ನ್ಯಾಯಾಲಯದಲ್ಲಿ ವಿಭಾಗದ ದಾವೆ ಹೂಡಲು ಅವಳಿಗೆ ಪೂರ್ತಿ ಅಧಿಕಾರವಿದೆ. ತವರು ಬೇಕೋ ಪಾಲು ಬೇಕೋ ಎಂದು ಅಣ್ಣ ಕೇಳಿದ ಪ್ರಶ್ನೆಗೆ ಎರಡೂ ಬೇಕು ಎಂಬ ಉತ್ತರವಿದೆ. ಅದನ್ನು ಹೇಳಿ, ದಾವೆಯ ಮೊದಲ ತಾರೀಖಿನ ಮುಂಚೆ ಬರುವ ಗೌರಿಹಬ್ಬಕ್ಕೆ ಅವಳು ತವರಿಗೆ ಬಂದರೆ ಬಾಗಿಲು ತೆರೆಯುವುದು ಅಣ್ಣನ ಕೆಲಸ.